ಮೈಸೂರು ಮಹಾರಾಜರಿಗೆ ಅರ್ಪಿತವಾದ ರಷ್ಯನ್ ಕಾಂಚೆರ್ಟೊ

ಪಿಯಾನೊ ವಾದಕರಾಗುವ ಹಂಬಲವಿದ್ದ ಜಯಚಾಮರಾಜ ಒಡೆಯರ್ ಸಂಗೀತಯಾನ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಿಯಾನೊ ಕಾಂಚೆರ್ಟೊಗಳಿಗೆ ವಿಶೇಷ ಗೌರವದ ಸ್ಥಾನವಿದೆ. ಮೊಜಾರ್ಟ್, ಬೀಥೋವನ್, ಚೈಕೋವ್‌ಸ್ಕಿ, ರಾಖ್ಮನಿನೋವ್ ಮೊದಲಾದವರು ರಚಿಸಿದ ಈ ಕೃತಿಗಳು ಜಗತ್ತಿನ ಎಲ್ಲ ದೊಡ್ಡ ನಗರಗಳ ಸಭಾಂಗಣಗಳಲ್ಲಿಯೂ ಇಂದಿಗೂ ಮೊಳಗುತ್ತಿವೆ. ಇದೇ ಪರಂಪರೆಗೆ ಸೇರಿದ ಒಂದು ಕೃತಿಯ ಅರ್ಪಣೆಯಲ್ಲಿ ಕನ್ನಡ ನಾಡಿನ ಹೆಸರಿದೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ತಮ್ಮ ಮೂರನೆಯ ಹಾಗೂ ಕೊನೆಯ ಪಿಯಾನೊ ಕಾಂಚೆರ್ಟೊವನ್ನು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. ಆ ಮಹಾರಾಜರೇ ಜಯಚಾಮರಾಜ ಒಡೆಯರ್.

ಸಂಸ್ಥಾನದ ಕೊನೆಯ ಅರಸರಾಗಿ, ರಾಜಪ್ರಮುಖರಾಗಿ, ಏಕೀಕೃತ ರಾಜ್ಯದ ಮೊದಲ ರಾಜ್ಯಪಾಲರಾಗಿ ಅವರನ್ನು ನಾಡು ಬಲ್ಲದು. ಆದರೆ ಅವರ ಯೌವನದ ಹಂಬಲ ಬೇರೆಯೇ ಆಗಿತ್ತು. ಸಿಂಹಾಸನ ಅವರಿಂದ ಪಿಯಾನೊ ವಾದಕನ ಬದುಕನ್ನು ಕಸಿದುಕೊಂಡಿತು. ತಾವು ವೇದಿಕೆಯ ಮೇಲೆ ಕುಳಿತು ನುಡಿಸಲಾಗದ ಸಂಗೀತವನ್ನು ಮತ್ತೊಬ್ಬರ ಕೈಯಿಂದ ನುಡಿಸಿ, ಅದು ಅಳಿಯದಂತೆ ಕಾಯ್ದಿಟ್ಟದ್ದು ಅವರ ಜೀವನದ ಅಷ್ಟಾಗಿ ಬೆಳಕಿಗೆ ಬಾರದ ಅಧ್ಯಾಯವಾಗಿದೆ.

ಕಾಂಚೆರ್ಟೊ ಎಂಬ ಸಂವಾದ

ಕಾಂಚೆರ್ಟೊ ಎಂಬುದು ಇಟಲಿಯ ಭಾಷೆಯ ಪದ. ಒಬ್ಬ ಪ್ರಧಾನ ವಾದಕ ಒಂದು ಕಡೆ, ಹತ್ತಾರು ವಾದ್ಯಗಳ ಮೇಳ ಇನ್ನೊಂದು ಕಡೆ ಇದ್ದು, ಇಬ್ಬರ ನಡುವೆ ನಡೆಯುವ ಸಂವಾದವೇ ಈ ಪ್ರಕಾರದ ಜೀವಾಳ. ಸಾಮಾನ್ಯವಾಗಿ ಇದರಲ್ಲಿ ಮೂರು ಭಾಗಗಳಿರುತ್ತವೆ. ಮೊದಲನೆಯದು ವೇಗದ ನಡೆಯದು, ಎರಡನೆಯದು ವಿಳಂಬ ಗತಿಯದು, ಮೂರನೆಯದು ಮತ್ತೆ ವೇಗದ ಮುಕ್ತಾಯ. ನಡುವೆ ಒಂದು ಘಟ್ಟದಲ್ಲಿ ಮೇಳ ಮೌನವಾಗಿ ವಾದಕನೊಬ್ಬನೇ ತನ್ನ ಪ್ರೌಢಿಮೆಯನ್ನು ತೋರುವ ಅವಕಾಶವಿರುತ್ತದೆ. ನಮ್ಮ ಕಛೇರಿಗಳಲ್ಲಿ ತನಿ ಆವರ್ತನಕ್ಕಾಗಿ ಗಾಯಕರು ಸುಮ್ಮನಾಗಿ ಮೃದಂಗಕ್ಕೆ ಎಡೆ ಬಿಡುವುದನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು. ವ್ಯತ್ಯಾಸವೆಂದರೆ ಕಾಂಚೆರ್ಟೊದ ಬಹುಪಾಲು ಸ್ವರಗಳು ಮೊದಲೇ ಬರೆದಿಟ್ಟವು.

ಇಟಲಿಯ ವಿವಾಲ್ಡಿ ನಾಲ್ಕು ಋತುಗಳನ್ನು ಕುರಿತು ರಚಿಸಿದ ಪಿಟೀಲಿನ ಕಾಂಚೆರ್ಟೊಗಳು 1725ರಲ್ಲಿ ಪ್ರಕಟವಾದವು. ಮೊಜಾರ್ಟ್ ಹೆಸರಿನಲ್ಲಿ ಪಿಯಾನೊ ಕಾಂಚೆರ್ಟೊಗಳ ಸಂಖ್ಯೆ 27ರವರೆಗೆ ಸಾಗುತ್ತದೆ. ಬೀಥೋವನ್ ಐದು ಪಿಯಾನೊ ಕಾಂಚೆರ್ಟೊಗಳನ್ನೂ ಒಂದು ಪಿಟೀಲಿನ ಕಾಂಚೆರ್ಟೊವನ್ನೂ ಪೂರ್ಣಗೊಳಿಸಿದರು. 1901ರಲ್ಲಿ ಪೂರ್ಣರೂಪದಲ್ಲಿ ಕೇಳಿಬಂದ ರಾಖ್ಮನಿನೋವ್ ಅವರ ಎರಡನೆಯ ಕಾಂಚೆರ್ಟೊ ಇಂದಿಗೂ ಅತ್ಯಂತ ಜನಪ್ರಿಯವಾದವುಗಳಲ್ಲಿ ಒಂದು.

ಈ ಕೃತಿಗಳ ಇತಿಹಾಸದಲ್ಲಿ ಅರ್ಪಣೆಗೆ ವಿಶೇಷ ಮಹತ್ವವಿದೆ. ಜರ್ಮನಿಯ ಬಾಖ್ 1721ರಲ್ಲಿ ಆರು ಕಾಂಚೆರ್ಟೊಗಳನ್ನು ಬ್ರಾಂಡೆನ್‌ಬರ್ಗಿನ ರಾಜವಂಶದ ಕ್ರಿಶ್ಚಿಯನ್ ಲುಡ್ವಿಗ್‌ಗೆ ಅರ್ಪಿಸಿದರು. ಆ ಪಾಳೆಯಗಾರನ ಹೆಸರು ಇಂದು ಉಳಿದಿರುವುದು ಮುಖ್ಯವಾಗಿ ಈ ಆರು ಕೃತಿಗಳಿಂದ. ಬೀಥೋವನ್ ತಮ್ಮ ನಾಲ್ಕನೆಯ ಹಾಗೂ ಐದನೆಯ ಪಿಯಾನೊ ಕಾಂಚೆರ್ಟೊಗಳನ್ನು ಆಸ್ಟ್ರಿಯಾದ ರಾಜಕುಮಾರ ರುಡಾಲ್ಫ್‌ಗೆ ಅರ್ಪಿಸಿದರು. ರುಡಾಲ್ಫ್ ಕೇವಲ ಹಣ ಕೊಟ್ಟ ಪೋಷಕನಲ್ಲ. ಬೀಥೋವನ್ನರ ಶಿಷ್ಯ, ಸ್ವತಃ ಪಿಯಾನೊ ವಾದಕ ಹಾಗೂ ಸಂಗೀತ ರಚನೆಕಾರ. ಸುಮಾರು ಒಂದೂಕಾಲು ಶತಮಾನದ ಬಳಿಕ ಮೈಸೂರಿನ ಅರಸರ ಹೆಸರು ಇದೇ ಸಾಲಿಗೆ ಸೇರಿತು. ಅವರೂ ಪಿಯಾನೊ ನುಡಿಸಬಲ್ಲವರಾಗಿದ್ದರು, ಅವರೂ ರಚನೆಕಾರರಾಗಿದ್ದರು.

ಎರಡು ಸಂಗೀತಗಳ ಅರಮನೆ

ಜಯಚಾಮರಾಜ ಒಡೆಯರ್ ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿ. ದಂಪತಿಗೆ ಇವರೊಬ್ಬರೇ ಪುತ್ರ. ಆಗ ಪಟ್ಟದಲ್ಲಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ಅವರಿಗೆ ಮಕ್ಕಳಿರಲಿಲ್ಲ.

ನಾಲ್ವಡಿಯವರ ಕಾಲದ ಮೈಸೂರು ಅರಮನೆಯಲ್ಲಿ ಎರಡು ಸಂಗೀತ ಪದ್ಧತಿಗಳು ಒಂದೇ ಸೂರಿನಡಿ ಬೆಳೆದವು. ಒಂದು ಕಡೆ ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್, ವೀಣೆ ವೆಂಕಟಗಿರಿಯಪ್ಪ ಅವರಂತಹ ಆಸ್ಥಾನ ವಿದ್ವಾಂಸರಿದ್ದರು. ಇನ್ನೊಂದು ಕಡೆ ಜರ್ಮನಿಯಿಂದ ಬಂದ ಆಟೊ ಶ್ಮಿಟ್ ಅವರ ನೇತೃತ್ವದಲ್ಲಿ ಅರಮನೆಯ ವಾದ್ಯವೃಂದ ಪಾಶ್ಚಾತ್ಯ ಕೃತಿಗಳನ್ನು ನುಡಿಸುತ್ತಿತ್ತು. ದೊರೆಗಳೂ ಹಲವು ವಾದ್ಯಗಳನ್ನು ಬಲ್ಲವರಾಗಿದ್ದರು. ದಸರೆಯ ದರ್ಬಾರಿಗೆ ಬಂದವರ ಕಿವಿಗೆ ವೀಣೆ, ನಾಗಸ್ವರಗಳ ಜತೆಗೆ ತುತ್ತೂರಿ, ಪಿಟೀಲುಗಳ ಮೇಳವೂ ಬೀಳುತ್ತಿತ್ತು.

ಇಂತಹ ವಾತಾವರಣದಲ್ಲಿ ಬೆಳೆದ ರಾಜಕುಮಾರ ಒಲಿದದ್ದು ಪಿಯಾನೊಗೆ. ಈ ಒಲವು ಅವರೊಬ್ಬರಿಗಷ್ಟೇ ಸೀಮಿತವಾಗಿರಲಿಲ್ಲ. ಸೋದರಿ ವಿಜಯಾದೇವಿ ಅವರೂ ಪಿಯಾನೊ ಕಲಿತು ಪರಿಣತರಾದರು. ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿ ಸಂಗೀತಸೇವೆಯನ್ನು ಮುಂದುವರಿಸಿದರು.

ರಾಜಕುಮಾರ 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. 1939ರಲ್ಲಿ ಯುರೋಪ್ ಪ್ರವಾಸ ಕೈಗೊಂಡರು. ಅಲ್ಲಿನ ಸಭಾಂಗಣಗಳಲ್ಲಿ ಸಂಗೀತ ಕೇಳುವ, ಕಲಾವಿದರನ್ನು ಕಾಣುವ ಅವಕಾಶ ಅವರಿಗೆ ದೊರೆಯಿತು. ಕಛೇರಿ ವೇದಿಕೆಯ ಪಿಯಾನೊ ವಾದಕನಾಗಬೇಕೆಂಬ ಹಂಬಲ ಆಗ ಅವರಲ್ಲಿ ಬಲವಾಗಿ ಬೇರೂರಿತ್ತು.

ಒಂದೇ ವರ್ಷದ ಎರಡು ಸಾವು

1940 ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಆ ವರ್ಷದ ಮಾರ್ಚ್ 11ರಂದು ತಂದೆ ಯುವರಾಜರು ನಿಧನರಾದರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ಅಗಲಿದರು. ಸೆಪ್ಟೆಂಬರ್ 8ರಂದು ಜಯಚಾಮರಾಜ ಒಡೆಯರ್ ಅವರಿಗೆ ಪಟ್ಟಾಭಿಷೇಕವಾಯಿತು. ಆಗ ಅವರಿಗೆ 21 ವರ್ಷ.

ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಹೊತ್ತಿ ಉರಿಯುತ್ತಿತ್ತು. ಯಾವ ನಗರಗಳಲ್ಲಿ ಪಿಯಾನೊ ಕಲಿಯಬೇಕೆಂದು ಬಯಸಿದ್ದರೋ ಆ ನಗರಗಳ ಮೇಲೆ ಬಾಂಬುಗಳು ಬೀಳುತ್ತಿದ್ದವು. ಇತ್ತ ಸಂಸ್ಥಾನದ ಹೊಣೆ ಹೆಗಲೇರಿತ್ತು. ಗಂಟೆಗಟ್ಟಲೆ ಸಾಧನೆ ಬೇಡುವ ವಾದಕನ ವೃತ್ತಿಗೂ ಅರಸೊತ್ತಿಗೆಗೂ ಹೊಂದಾಣಿಕೆ ಸಾಧ್ಯವಿರಲಿಲ್ಲ. ವೃತ್ತಿಯ ಕನಸು ಅಲ್ಲಿಗೆ ಮುಗಿಯಿತು.

ಕಲಿಕೆ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಅವರು ಪಡೆದರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೊ ಆಗಿ ಅವರನ್ನು ಆರಿಸಿತು. ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಬೃಹತ್ ಭಂಡಾರವೇ ಬೆಳೆಯಿತು. ಅವುಗಳ ಸಂಖ್ಯೆ ಸುಮಾರು 20,000 ಎಂಬುದು ಮೈಸೂರಿಗೆ ಬಂದು ಅದನ್ನು ಕಣ್ಣಾರೆ ಕಂಡ ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಕೊಟ್ಟಿರುವ ಲೆಕ್ಕ. ವೇದಿಕೆ ಕೈತಪ್ಪಿದ ಮೇಲೆ ಮಹಾರಾಜರಿಗೆ ಯುರೋಪಿನ ಸಂಗೀತದೊಡನೆ ಉಳಿದ ಮುಖ್ಯ ನಂಟು ಈ ತಟ್ಟೆಗಳೇ ಆಗಿದ್ದವು. ಅಲ್ಲಿ ಯಾವ ರಚನೆಕಾರನ ಕೃತಿಗಳು ಸಿಗುತ್ತಿರಲಿಲ್ಲವೋ ಅಂಥವರ ಕಡೆಗೆ ಅವರ ಗಮನ ಹರಿಯಿತು.

ಕಾಲ ಮರೆತ ಮೆಟ್ನರ್

ಅಂತಹವರಲ್ಲಿ ಪ್ರಮುಖರು ನಿಕೊಲಾಯ್ ಮೆಟ್ನರ್. 1880ರ ಜನವರಿಯಲ್ಲಿ ಮಾಸ್ಕೊದಲ್ಲಿ ಜನಿಸಿದ ಮೆಟ್ನರ್ ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಕಲಿತು 1900ರಲ್ಲಿ ಚಿನ್ನದ ಪದಕದೊಡನೆ ಹೊರಬಂದರು. ರಾಖ್ಮನಿನೋವ್ ಅವರ ಆಪ್ತ ಗೆಳೆಯ. ಇಬ್ಬರೂ ಒಬ್ಬರ ಪ್ರತಿಭೆಯನ್ನು ಇನ್ನೊಬ್ಬರು ಗೌರವಿಸುತ್ತಿದ್ದರು. ರಾಖ್ಮನಿನೋವ್ ತಮ್ಮ ನಾಲ್ಕನೆಯ ಕಾಂಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯ ಕಾಂಚೆರ್ಟೊವನ್ನು ರಾಖ್ಮನಿನೋವ್‌ಗೆ ಅರ್ಪಿಸಿದರು.

ಆದರೆ ಗೆಳೆಯನಿಗೆ ದೊರೆತ ಕೀರ್ತಿ, ಸಂಪತ್ತು ಮೆಟ್ನರ್ ಪಾಲಿಗೆ ಬರಲಿಲ್ಲ. ಕ್ರಾಂತಿಯ ಬಳಿಕ 1921ರಲ್ಲಿ ಅವರು ರಷ್ಯ ತೊರೆದರು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಕೆಲಕಾಲ ಕಳೆದು 1930ರ ದಶಕದ ಮಧ್ಯಭಾಗದಲ್ಲಿ ಲಂಡನ್ ಸೇರಿದರು. ಯುರೋಪಿನ ಸಂಗೀತ ಆಗ ಹೊಸ ಪ್ರಯೋಗಗಳ ಹಾದಿ ಹಿಡಿದಿತ್ತು. ಮೆಟ್ನರ್ ಅದನ್ನು ಒಪ್ಪಲಿಲ್ಲ. ಬೀಥೋವನ್ ಪರಂಪರೆಯ ಸ್ವರಮೈತ್ರಿಯ ನಿಯಮಗಳೇ ಸಂಗೀತದ ಅಡಿಪಾಯವೆಂದು ಅವರು ನಂಬಿದ್ದರು. ಹೊಸ ಒಲವುಗಳನ್ನು ಖಂಡಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹೊಸತನ್ನು ಬಯಸಿದವರಿಗೆ ಅವರ ಸಂಗೀತ ಹಳತೆನಿಸಿತು. ಸುಲಭವಾಗಿ ಮನಸೆಳೆಯುವ ರಾಗಗಳನ್ನು ಬಯಸಿದವರಿಗೆ ಅದು ಗಹನವೆನಿಸಿತು.

ಎರಡನೆಯ ಮಹಾಯುದ್ಧ ಆರಂಭವಾದ ಬಳಿಕ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಗೌರವಧನವೂ ನಿಂತಿತು. ಪಾಠ ಹೇಳಿ ಬದುಕುತ್ತಿದ್ದ ಮೆಟ್ನರ್ ದಂಪತಿ ಲಂಡನ್ ಮೇಲಿನ ಬಾಂಬ್ ದಾಳಿಯ ಕಾಲದಲ್ಲಿ ಶಿಷ್ಯೆ ಎಡ್ನಾ ಐಲ್ಸ್ ಅವರ ಆಶ್ರಯದಲ್ಲಿ ವಾರಿಕ್‌ಷೈರ್‌ನಲ್ಲಿ ನೆಲೆಸಬೇಕಾಯಿತು. 1942ರಲ್ಲಿ ಮೆಟ್ನರ್‌ಗೆ ಹೃದಯಾಘಾತವಾಯಿತು. ಅದರಿಂದ ಚೇತರಿಸಿಕೊಂಡು 1943ರಲ್ಲಿ ಪೂರ್ಣಗೊಳಿಸಿದ್ದೇ ಮೂರನೆಯ ಕಾಂಚೆರ್ಟೊ. ರಷ್ಯದ ಕವಿ ಲೆರ್ಮೊಂಟೊವ್ ಜಲಕನ್ಯೆಯನ್ನು ಕುರಿತು ಬರೆದ ಕವನ ಇದರ ಪ್ರೇರಣೆ. ನದಿಯ ತಳದಲ್ಲಿ ಚಿರನಿದ್ರೆಯಲ್ಲಿರುವ ವೀರನನ್ನು ಕಂಡು ಜಲಕನ್ಯೆ ಹಾಡುವ ಚಿತ್ರ ಆ ಕವನದಲ್ಲಿದೆ. ಮೂರು ಭಾಗಗಳು ನಡುವೆ ನಿಲುಗಡೆಯಿಲ್ಲದೆ ಒಂದರೊಳಗೊಂದು ಸೇರಿಕೊಳ್ಳುವ ಈ ಕೃತಿ ಅರ್ಧ ಗಂಟೆಗೂ ಮಿಕ್ಕಿ ಸಾಗುತ್ತದೆ. 1944ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಅದರ ಮೊದಲ ಪ್ರಯೋಗ ನಡೆದಾಗ ಪಿಯಾನೊ ಮುಂದೆ ಕುಳಿತಿದ್ದವರು ಸ್ವತಃ ಮೆಟ್ನರ್. ಆಗ ಅವರಿಗೆ 64 ವರ್ಷ.

ಮೇಣಕ್ಕಿಳಿದ ನಾದ

ಯುದ್ಧ ಮುಗಿದ ಮೇಲೆ, 1946ರಲ್ಲಿ, ಮೈಸೂರು ಮಹಾರಾಜರ ಕೊಡುಗೆಯ ಸುದ್ದಿ ಮೆಟ್ನರ್ ಅವರನ್ನು ತಲುಪಿತು. ಅವರ ಸಮಸ್ತ ಕೃತಿಗಳನ್ನು, ಸಾಧ್ಯವಾದಷ್ಟೂ ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವ ವೆಚ್ಚವನ್ನು ಭರಿಸಲು ಮಹಾರಾಜರು ಮುಂದಾಗಿದ್ದರು. ಈ ಉದ್ದೇಶಕ್ಕಾಗಿಯೇ ಮೆಟ್ನರ್ ಸೊಸೈಟಿ ರೂಪುಗೊಂಡಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ತಟ್ಟೆಗಳನ್ನು ಹೊರತರುವ ಹೊಣೆ ಹೊತ್ತಿತು. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯ ವಾದ್ಯವೃಂದ ಪಿಯಾನೊಗೆ ಜತೆಯಾಯಿತು.

ಆ ಕಾಲದ ಧ್ವನಿಮುದ್ರಣದ ವಿಧಾನವನ್ನು ನೆನೆದರೆ ಈ ಕಾರ್ಯದ ಕಷ್ಟ ಅರಿವಾಗುತ್ತದೆ. ನಾದವನ್ನು ಮೊದಲು ಮೇಣದ ತಟ್ಟೆಯ ಮೇಲೆ ಕೊರೆದು, ಅದರಿಂದ ಲೋಹದ ಅಚ್ಚು ತೆಗೆದು, ಬಳಿಕ ಅರಗಿನ ತಟ್ಟೆಗಳನ್ನು ಒತ್ತಲಾಗುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ದೊಡ್ಡ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ. ಹೀಗಾಗಿ ಅರ್ಧ ಗಂಟೆಗೂ ಮಿಕ್ಕಿದ ಒಂದು ಕಾಂಚೆರ್ಟೊವನ್ನು ಹಲವು ತುಣುಕುಗಳಾಗಿ ವಿಂಗಡಿಸಿ ನುಡಿಸಬೇಕಿತ್ತು. ಒಂದು ತುಣುಕಿನಲ್ಲಿ ಒಂದು ಸ್ವರ ತಪ್ಪಿದರೂ ಅದನ್ನು ತಿದ್ದುವ ದಾರಿ ಇರಲಿಲ್ಲ. ಇಡೀ ಮಗ್ಗುಲನ್ನು ಮತ್ತೆ ನುಡಿಸಬೇಕಿತ್ತು. ಹೃದ್ರೋಗಿಯಾಗಿದ್ದ, 67 ವಯಸ್ಸಿನ ವಾದಕ 1947ರಲ್ಲಿ ಈ ರೀತಿ ತಮ್ಮ ಮೂರೂ ಕಾಂಚೆರ್ಟೊಗಳನ್ನು ನುಡಿಸಿ ಮುಗಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ಡೊಬ್ರೊವೆನ್ ವಾದ್ಯವೃಂದವನ್ನು ನಡೆಸಿದರು. ಸೊನಾಟಾಗಳು, ಬಿಡಿ ರಚನೆಗಳು, ಹಾಡುಗಳೂ ಮುದ್ರಣಗೊಂಡವು. ಹಾಡುಗಳಿಗೆ ದನಿ ನೀಡಿದವರಲ್ಲಿ ಮುಂದೆ ವಿಶ್ವಖ್ಯಾತರಾದ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಒಬ್ಬರು.

ಎಲ್ಲ ಕೃತಿಗಳನ್ನೂ ಮುದ್ರಿಸುವ ಯೋಜನೆ ಪೂರ್ಣಗೊಳ್ಳಲಿಲ್ಲ. ಮೂರು ಸಂಪುಟಗಳು ಹೊರಬಂದವು. ಆರೋಗ್ಯ ಕುಸಿಯುತ್ತ ಬಂದ ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ಮೂರನೆಯ ಕಾಂಚೆರ್ಟೊದ ಅರ್ಪಣೆಯಲ್ಲಿ ಮೈಸೂರು ಮಹಾರಾಜರ ಹೆಸರನ್ನು ಸೇರಿಸುವ ಮೂಲಕ ಅವರು ತಮ್ಮ ಕೃತಜ್ಞತೆಯನ್ನು ಸಲ್ಲಿಸಿದ್ದರು.

ಮಹಾರಾಜರ ನೆರವು ಮೆಟ್ನರ್ ಒಬ್ಬರಿಗೇ ಮೀಸಲಾಗಿರಲಿಲ್ಲ. ಫಿಲ್‌ಹಾರ್ಮೋನಿಯ ಸಂಸ್ಥೆಗೆ ಮೂರು ವರ್ಷಗಳ ಕಾಲ ವಾರ್ಷಿಕ 10,000 ಪೌಂಡುಗಳ ನೆರವನ್ನು ಅವರು ಘೋಷಿಸಿದರು. ಅದರ ಕಛೇರಿ ಸಂಘದ ಮೊದಲ ಅಧ್ಯಕ್ಷ ಸ್ಥಾನವೂ ಅವರಿಗೆ ಸಂದಿತು. ಅಪರೂಪದ ಕೃತಿಗಳು ತಟ್ಟೆಗೆ ಇಳಿಯಬೇಕೆಂಬುದು ಅವರ ಆಸೆ. 1949ರಲ್ಲಿ ಹರ್ಬರ್ಟ್ ಫಾನ್ ಕರಾಯಾನ್ ಇದೇ ವಾದ್ಯವೃಂದದೊಡನೆ ರಷ್ಯದ ಬಾಲಕಿರೆವ್ ಅವರ ಮೊದಲ ಸಿಂಫನಿಯನ್ನೂ ಫ್ರಾನ್ಸಿನ ರುಸೆಲ್ ಅವರ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದ್ದು ಈ ನೆರವಿನಿಂದಲೇ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಪ್ರಥಮ ಪ್ರಯೋಗ ನಡೆಯಿತು. ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದದ ನಿರ್ದೇಶಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ರಚನೆಕಾರ ಸ್ಟ್ರಾಸ್ ಅದಕ್ಕೆ ಎಂಟು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ಇಂದಿಗೂ ಸಂಗೀತ ಇತಿಹಾಸಕಾರರು ಮಹತ್ವದ್ದೆಂದು ಪರಿಗಣಿಸುವ ಆ ಸಂಜೆಯ ಹಿಂದೆಯೂ ಮೈಸೂರಿನ ಬೆಂಬಲವಿತ್ತು.

ಬದಲಾದ ಕಾಲ, ಏಳುವ ಪ್ರಶ್ನೆ

ಲಂಡನ್ನಿನಲ್ಲಿ ಮೆಟ್ನರ್ ಕಾಂಚೆರ್ಟೊಗಳು ಮುದ್ರಣಗೊಂಡ 1947ನೇ ಇಸವಿಯೇ ಮೈಸೂರಿನ ರಾಜಕೀಯ ಇತಿಹಾಸದಲ್ಲಿ ನಿರ್ಣಾಯಕ ವರ್ಷವಾಗಿತ್ತು. ಆಗಸ್ಟ್‌ನಲ್ಲಿ ಮಹಾರಾಜರು ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜವಾಬ್ದಾರಿ ಸರ್ಕಾರಕ್ಕಾಗಿ ಕಾಂಗ್ರೆಸ್ ನಡೆಸಿದ ಚಳವಳಿ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ರೂಪ ತಾಳಿತು. ಸಾವಿರಾರು ಮಂದಿ ಬೀದಿಗಿಳಿದರು, ಬಂಧನಗಳು ನಡೆದವು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿ ಅವರ ನೇತೃತ್ವದಲ್ಲಿ ಜನಪ್ರತಿನಿಧಿಗಳ ಸಚಿವ ಸಂಪುಟ ಅಧಿಕಾರಕ್ಕೆ ಬಂದಿತು.

ಜನರು ಹಕ್ಕಿಗಾಗಿ ಹೋರಾಡುತ್ತಿದ್ದ ಹೊತ್ತಿನಲ್ಲಿ ಅರಮನೆಯ ಹಣ ಲಂಡನ್ನಿನ ವಾದ್ಯವೃಂದಕ್ಕೆ ಹರಿದದ್ದು ಎಷ್ಟು ಸರಿ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅರಮನೆಯ ಸಿರಿಗೆ ಸಂಸ್ಥಾನದ ಪ್ರಜೆಗಳ ಬೆವರೇ ಆಧಾರವಾಗಿತ್ತು. ಆ ಪ್ರಜೆಗಳಲ್ಲಿ ಬಹುತೇಕರು ಮೆಟ್ನರ್ ಹೆಸರನ್ನು ಕೇಳಿದವರೂ ಅಲ್ಲ, ಆ ತಟ್ಟೆಗಳನ್ನು ಕೊಳ್ಳಬಲ್ಲವರೂ ಅಲ್ಲ. ರಾಜಾಶ್ರಯದ ಕಲೆಯೆಲ್ಲದರ ಬೆನ್ನಿಗೂ ಈ ಪ್ರಶ್ನೆ ಅಂಟಿಕೊಂಡೇ ಇದೆ. ಮೈಸೂರಿನ ಅರಮನೆಯೂ ಇದಕ್ಕೆ ಹೊರತಲ್ಲ. ಇದರ ಜತೆಗೇ ಇನ್ನೊಂದು ಸತ್ಯವನ್ನೂ ದಾಖಲಿಸಬೇಕಾಗುತ್ತದೆ. ಮಹಾರಾಜರು ಪೋಷಿಸಿದ್ದು ಕೀರ್ತಿಯ ಶಿಖರದಲ್ಲಿದ್ದ ಕಲಾವಿದನನ್ನಲ್ಲ, ಎಲ್ಲರೂ ಕೈಬಿಟ್ಟಿದ್ದ ಒಬ್ಬ ವೃದ್ಧನನ್ನು. ಆ ನೆರವು ನಾಲ್ಕೈದು ವರ್ಷ ತಡವಾಗಿದ್ದರೆ ಮೆಟ್ನರ್ ಕೈಯಿಂದಲೇ ಹೊಮ್ಮಿದ ಕಾಂಚೆರ್ಟೊಗಳ ನಾದ ಜಗತ್ತಿಗೆ ಉಳಿಯುತ್ತಿರಲಿಲ್ಲ.

ಪೋಷಣೆಯ ಈ ಕಾಲ ಬಹಳ ದಿನ ನಡೆಯಲಿಲ್ಲ. 1950ರ ಜನವರಿ 26ರಂದು ಸಂಸ್ಥಾನ ಗಣರಾಜ್ಯದ ಭಾಗವಾಯಿತು, ಮಹಾರಾಜರು ರಾಜಪ್ರಮುಖರಾದರು. ಮೈಸೂರಿಗೆ ವಾರ್ಷಿಕ 26 ಲಕ್ಷ ರೂಪಾಯಿಗಳ ರಾಜಧನ ನಿಗದಿಯಾಯಿತು. ಮೊದಲಿನಂತೆ ವಿದೇಶಿ ಸಂಗೀತ ಸಂಸ್ಥೆಗಳಿಗೆ ಧಾರಾಳ ನೆರವು ನೀಡುವ ದಿನಗಳು ಮುಗಿದಿದ್ದವು.

ಪಿಯಾನೊದಿಂದ ಶ್ರೀವಿದ್ಯೆಗೆ

ಪಾಶ್ಚಾತ್ಯ ಸಂಗೀತದ ಪೋಷಕರಾಗಿ ಲಂಡನ್ನಿನಲ್ಲಿ ಹೆಸರಾಗಿದ್ದ ಇದೇ ಅವಧಿಯಲ್ಲಿ ಮಹಾರಾಜರು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿ ರೂಪುಗೊಳ್ಳುತ್ತಿದ್ದರು. ಪಟ್ಟಕ್ಕೆ ಬಂದ ಬಳಿಕ ಆಸ್ಥಾನದ ವಿದ್ವಾಂಸರ ಒಡನಾಟ ಹೆಚ್ಚಿತು. ವಾಸುದೇವಾಚಾರ್ಯರ ಮಾರ್ಗದರ್ಶನ ದೊರೆಯಿತು, ವೆಂಕಟಗಿರಿಯಪ್ಪನವರಿಂದ ವೀಣೆಯ ಪಾಠವಾಯಿತು. ದೇವಿಯ ಉಪಾಸನೆಯ ಮಾರ್ಗವಾದ ಶ್ರೀವಿದ್ಯೆಯಲ್ಲಿ ಅವರು ದೀಕ್ಷೆ ಪಡೆದರು.

ಅವರು ರಚಿಸಿದ ಕೃತಿಗಳ ಸಂಖ್ಯೆ 94. ಎಲ್ಲವೂ ಸಂಸ್ಕೃತದಲ್ಲಿದ್ದು ಶ್ರೀವಿದ್ಯಾ ಎಂಬ ಅಂಕಿತವನ್ನು ಹೊತ್ತಿವೆ. ಅಠಾಣ ರಾಗದ ಗಣಪತಿ ಕೃತಿ, ಗಂಭೀರನಾಟ ರಾಗದ ಶ್ರೀ ಜಾಲಂಧರ ಕೃತಿ ಇಂದು ಕಛೇರಿಗಳಲ್ಲಿ ಕೇಳಿಬರುವವುಗಳಲ್ಲಿ ಮುಖ್ಯವಾದವು. ಬಹುಮಂದಿ ರಚನೆಕಾರರು ಪರಿಚಿತ ರಾಗಗಳಲ್ಲೇ ಮತ್ತೆ ಮತ್ತೆ ಬರೆದರೆ, ಇವರು ಅಪರೂಪದ ರಾಗಗಳನ್ನು ಹುಡುಕಿ ಹೋದರು. ಅಲಕ್ಷಿತವಾದುದನ್ನು ಎತ್ತಿ ಹಿಡಿಯುವ ಗುಣ ಇಲ್ಲಿಯೂ ಎದ್ದು ಕಾಣುತ್ತದೆ. ಇವರ ಕೃತಿಗಳ ಗಂಭೀರ ನಡೆಯಲ್ಲಿ, ಪದಗಳ ದಟ್ಟ ಜೋಡಣೆಯಲ್ಲಿ ಮುತ್ತುಸ್ವಾಮಿ ದೀಕ್ಷಿತರ ಪ್ರಭಾವವಿದೆ. ಪಿಯಾನೊದ ಛಾಯೆಯನ್ನು ಇವುಗಳಲ್ಲಿ ಹುಡುಕುವುದು ವ್ಯರ್ಥ. ಎರಡು ಪದ್ಧತಿಗಳನ್ನು ಆಳವಾಗಿ ಬಲ್ಲವರಾಗಿದ್ದೂ ಅವುಗಳನ್ನು ಬೆರೆಸಲು ಅವರು ಹೋಗಲಿಲ್ಲ.

ಬರವಣಿಗೆಯಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ದತ್ತಾತ್ರೇಯ ತತ್ತ್ವ, ಭಗವದ್ಗೀತೆ, ಭಾರತೀಯ ಸೌಂದರ್ಯಶಾಸ್ತ್ರಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ರಚಿಸಿದರು. ಅವರ ಹೆಸರಿನ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವೂ ಸೇರಿ ಅನೇಕ ಸಂಸ್ಕೃತ ಕೃತಿಗಳು ಕನ್ನಡಕ್ಕೆ ಬಂದವು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಫೆಲೊ ಗೌರವ ನೀಡಿತು.

ತುಂಗಭದ್ರೆಯ ಆಚೆಗೂ

ಹಳೆಯ ಮೈಸೂರಿನ ಹೊರಗಿನ ಕನ್ನಡಿಗರಿಗೆ ಅವರು ಹತ್ತಿರವಾದದ್ದು ಏಕೀಕರಣದ ಬಳಿಕ. ಹಂಪಿ, ಹೊಸಪೇಟೆಗಳಿರುವ ತುಂಗಭದ್ರೆಯ ದಕ್ಷಿಣ ದಂಡೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಭಾಗದೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. ನದಿಯ ಉತ್ತರ ದಂಡೆಯ ಆನೆಗೊಂದಿ, ಹನುಮನಹಳ್ಳಿ ಗ್ರಾಮಗಳು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಒಂದೇ ನದಿಯ ಎರಡು ದಡಗಳು ಮೂರು ವರ್ಷ ಎರಡು ರಾಜ್ಯಗಳಲ್ಲಿದ್ದವು. 1956ರ ನವೆಂಬರ್ 1ರಂದು ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರು ಜಿಲ್ಲೆಯೊಡನೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಾಗ ಎರಡೂ ದಡಗಳು ಒಂದಾದವು. ಅಂದು ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಂಡವರು ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರ ಹೆಸರಿನ ಮಂಟಪ ನಿಂತಿರುವ ಹಂಪಿಯೂ, ಅದರ ಎದುರು ದಡದ ಹಳ್ಳಿಗಳೂ ಒಬ್ಬ ವಾಗ್ಗೇಯಕಾರ ರಾಜ್ಯಪಾಲರ ವ್ಯಾಪ್ತಿಗೆ ಬಂದದ್ದು ಯೋಗಾಯೋಗ.

ಪಿತ್ರಾರ್ಜಿತ ಅಧಿಕಾರ ಕಳೆದುಕೊಂಡ ಅರಸರೊಬ್ಬರು ಸಂವಿಧಾನದ ಚೌಕಟ್ಟಿನೊಳಗೆ ಮುಂದುವರಿದದ್ದು ಅವರ ವಿವೇಕಕ್ಕೆ ಸಾಕ್ಷಿ. 1964ರವರೆಗೆ ಇಲ್ಲಿ, ಆ ಬಳಿಕ 1966ರವರೆಗೆ ಮದ್ರಾಸಿನಲ್ಲಿ ಅವರು ರಾಜ್ಯಪಾಲರಾಗಿದ್ದರು. 1971ರಲ್ಲಿ ರಾಜಧನ ರದ್ದಾಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದನ್ನು ಕಂಡ ಅವರು 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ನಿಧನರಾದರು.

ಉಳಿದ ನಾದ

ಮೆಟ್ನರ್ ಸಂಗೀತ ಮತ್ತೆ ಬೆಳಕಿಗೆ ಬರಲು ಕೆಲವು ದಶಕಗಳೇ ಬೇಕಾದವು. ಪತ್ನಿ ಅನ್ನಾ 1958ರಲ್ಲಿ ರಷ್ಯಕ್ಕೆ ಮರಳಿದರು. ಮುಂದಿನ ವರ್ಷಗಳಲ್ಲಿ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಲ್ಲಿಯೇ ಅಚ್ಚಾದವು. 1990ರ ದಶಕದಲ್ಲಿ ನಿಕೊಲಾಯ್ ಡೆಮಿಡೆಂಕೊ, ಜೆಫ್ರಿ ಟೋಜರ್, ಮಾರ್ಕ್ ಆಂಡ್ರೆ ಹ್ಯಾಮ್ಲಿನ್ ಮೊದಲಾದ ಪಿಯಾನೊ ವಾದಕರು ಅವರ ಕೃತಿಗಳನ್ನು ಕೈಗೆತ್ತಿಕೊಂಡರು. 1947ರ ಅರಗಿನ ತಟ್ಟೆಗಳ ನಾದವೂ ಸಿ.ಡಿ. ರೂಪದಲ್ಲಿ ಮರುಜನ್ಮ ಪಡೆಯಿತು. ಮೆಟ್ನರ್ ತಮ್ಮ ಕಾಂಚೆರ್ಟೊಗಳನ್ನು ಹೇಗೆ ಕಲ್ಪಿಸಿಕೊಂಡಿದ್ದರು, ಎಲ್ಲಿ ವೇಗ ಹೆಚ್ಚಿಸುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ತಿಳಿಯಬಯಸುವ ಇಂದಿನ ವಾದಕರಿಗೆ ಆ ಮುದ್ರಿಕೆಗಳೇ ಆಕರ.

ತವರಿನಲ್ಲಿ ಜಯಚಾಮರಾಜ ಒಡೆಯರ್ ಅವರ ಕೃತಿಗಳು ಗಾಯಕರ ಕಂಠದಲ್ಲಿ ಉಳಿದಿವೆ. ಆದರೆ ಅವರು ಉಳಿಸಿಕೊಟ್ಟ ರಷ್ಯನ್ ಸಂಗೀತದ ಕಥೆ ಇಲ್ಲಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಬಾಖ್ ಕೃತಿಗಳಿಂದ ಬ್ರಾಂಡೆನ್‌ಬರ್ಗಿನ ಹೆಸರು ಉಳಿದಂತೆ, ಜಗತ್ತಿನ ಯಾವುದೋ ಮೂಲೆಯ ಪಿಯಾನೊ ವಿದ್ಯಾರ್ಥಿ ಮೆಟ್ನರ್ ಅವರ ಮೂರನೆಯ ಕಾಂಚೆರ್ಟೊದ ಸ್ವರಲಿಪಿಯನ್ನು ತೆರೆದಾಗ ಸಂಗೀತಕ್ಕಿಂತ ಮೊದಲು ಎದುರಾಗುವುದು ಮೈಸೂರಿನ ಹೆಸರು. ಆ ಸಂಗೀತವನ್ನು ನುಡಿಸಲು ಬಯಸಿದ್ದ, ಅರಸನಾದ ಕಾರಣಕ್ಕೆ ವೇದಿಕೆ ಏರಲಾಗದ ಒಬ್ಬ ವಾದಕನ ನೆನಪು ಅಲ್ಲಿ ಅಚ್ಚಾಗಿ ಉಳಿದಿದೆ.